ಸಾಂಬ್ರಾಣಿ ಹೋಗುತ್ತಿದ್ದ ತೂತು

ಕರೆಂಟಿನ ಸಾಮಾನು ಸುಟ್ಟ ವಾಸನೆ ನಿಮಗೂ ಗೊತ್ತಿರಬೇಕು. ಮೂಗಿಗೆ ಬಂದದ್ದು ನಾಲಿಗೆಗೂ ಅಂಟುತ್ತದೆ. ಹೋದ ವಾರ ಮದ್ದೂರಿನ ನನ್ನ ಹಾಸಿಗೆ ಅಂಗಡಿಯ ಹಿಂದಿನ ದಾಸ್ತಾನು ಕೋಣೆಯಲ್ಲಿ ಟ್ಯೂಬ್‌ಲೈಟಿನ ಚೋಕು ಸುಟ್ಟುಹೋಯಿತು. ಹತ್ತು ಹೆಜ್ಜೆ ದೂರದಲ್ಲಿ ಗಲ್ಲಾ ಮುಂದೆ ಕೂತಿದ್ದ ನನಗೆ ಅದು ತಿಳಿಯಲೇ ಇಲ್ಲ. ತಿಳಿದದ್ದು ಮಹಡಿಯ ಮೇಲೆ ಮಂಚ ಹಿಡಿದಿರುವ ನಮ್ಮವ್ವನಿಗೆ.

"ಲೇ ಮಗ, ಕೆಳ್ಗೆ ಏನ್ಲಾ ಸುಟ್ಟೋಯ್ತಾ ಅದೆ?" ಎಂದು ಕೆಮ್ಮುತ್ತಲೇ ಕೂಗಿದಳು.

ಓಡಿಹೋಗಿ ಸ್ವಿಚ್ಚು ಆರಿಸಿದೆ. ಹೊಗೆ ನಿಂತಿತು, ಅಷ್ಟೇ. ಆದರೆ ಆ ಹೊಗೆ ನನ್ನನ್ನು ಬಿಟ್ಟು ನೇರ ಅವ್ವನ ಹತ್ತಿರ ಹೋದದ್ದು ಯಾವ ದಾರಿಯಲ್ಲಿ ಎಂದು ನನಗೊಬ್ಬನಿಗೆ ಗೊತ್ತಿತ್ತು.

ಹಳೇ ಅಂಗಡಿ ಕೆಡವಿ ಕಟ್ಟಿಸಿದ ಕಾಲದ ಮಾತು. ಇಂಜಿನಿಯರು ಕೊಟ್ಟ ನಕ್ಷೆಯಲ್ಲಿ ದಾಸ್ತಾನು ಕೋಣೆಯ ಸುತ್ತ ದಪ್ಪ ಗೆರೆ ಎಳೆದಿತ್ತು. ಗೋಡೆ ಮೇಲಿನ ಕಾಂಕ್ರೀಟ್ ಮೋಲ್ಡನ್ನು ಮುಟ್ಟಬೇಕು, ಎಲ್ಲೂ ಸಂದು ಇರಬಾರದು, ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಒಳಗೆ ಬೆಂಕಿ ಬಿದ್ದರೆ ಮನೆಯವರು ಹೊರಗೆ ಬರುವಷ್ಟು ಹೊತ್ತಾದರೂ ಅದು ಒಳಗೇ ಇರಬೇಕು ಎಂಬುದು ನಿಯಮ. ನಮ್ಮದೋ ಹತ್ತಿ, ಫೋಮು. ಮಹಡಿಗೆ ಹತ್ತುವ ಮೆಟ್ಟಿಲೂ ಆ ಕೋಣೆಯ ಮಗ್ಗುಲಲ್ಲೇ. ಆದರೂ ನಕ್ಷೆ ಲೈಸೆನ್ಸಿಗೆ, ಕಟ್ಟೋದು ನಮ್ಮಿಷ್ಟಕ್ಕೆ ಎನ್ನುವ ಜನ ನಾವು. ನಾನೇನು ಆಕಾಶದಿಂದ ಇಳಿದವನಲ್ಲ.

ಕಂಬ, ಮೋಲ್ಡು ಎದ್ದು ನಾವು ಮಹಡಿ ಸೇರಿದ ಮೇಲೆ, ಕೆಳಗೆ ಆ ಕೋಣೆಯ ಗೋಡೆ ಕಟ್ಟಲು ಬಂದವರು ಮಳವಳ್ಳಿಯ ಖಾದರ್ ಮೇಸ್ತ್ರಿ. ಕರಣೆಯನ್ನು ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಮೊದಲ ಬಸ್ಸಿಗೇ ಬರುತ್ತಿದ್ದರು. ಅಕ್ಷರ ಅಷ್ಟಕ್ಕಷ್ಟೆ, ಆದರೆ ನಕ್ಷೆಯ ಒಂದು ಗೆರೆಯನ್ನೂ ಬಿಡುತ್ತಿರಲಿಲ್ಲ. ಗೋಡೆ ತಲೆಯೆತ್ತರ ದಾಟಿದಾಗ ನಾನು ಅಪ್ಪನ ಕಾಲದ ಬುದ್ಧಿ ತೋರಿಸಿದೆ.

"ಮೇಲೊಂದು ಗೇಣು ಬಿಡಿ ಮೇಸ್ತ್ರಿಗಳೇ. ಹತ್ತಿಗೆ ಗಾಳಿ ಬೇಕು."

"ಬೆಂಕಿಗೂ ಬೇಕು ಕಣಣ್ಣ," ಎಂದು ಇನ್ನೊಂದು ಇಟ್ಟಿಗೆ ಇಟ್ಟರು.

ನಾನು ಅಲ್ಲಿಗೆ ಬಿಟ್ಟೆ. ಅವ್ವ ಬಿಡಲಿಲ್ಲ. ಕೆರಗೋಡಿನ ಹೆಣ್ಣುಮಗಳು, ಸುಮ್ಮನಾಗುವ ಪೈಕಿಯಲ್ಲ. ಸೊಂಟ ಮುರಿದು ಮೇಲೆ ಮಲಗುವ ತನಕ, ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಸಾಂಬ್ರಾಣಿ ಹಾಕುತ್ತಿದ್ದವಳು ಅವಳೇ. ಲಕ್ಷ್ಮಿ ಇರುವುದು ಸರಕಿನಲ್ಲಿ ಎಂದು ದಾಸ್ತಾನು ಕೋಣೆಗೇ ಮೊದಲ ಹೊಗೆ. ಬಂಡೂರು ಕುರಿಗಳಂತೆ ಗುಂಡಗೆ ಕೂತ ಹತ್ತಿಮೂಟೆಗಳ ನಡುವೆ ಕೆಂಡ ಹಿಡಿದು ಓಡಾಡುವವರಿಗೆ ನಿಯಮ ಬೇರೆ ಕೇಡು ಎಂದು ನೀವು ನಗಬಹುದು. ನಗಿ.

ಮೇಸ್ತ್ರಿಯನ್ನು ಮೇಲಕ್ಕೆ ಕರೆಸಿ, "ಸಾಬ್ರೇ, ಸಾಂಬ್ರಾಣಿ ವಾಸ್ನೆ ಬರೋಕೆ ಒಂದು ತೂತಾದ್ರೂ ಬುಡಿ," ಎಂದಳು.

"ಅದು ಬರೋ ದಾರೀಲೇ ಬೆಂಕಿ ಹೊಗೇನೂ ಬತ್ತದೆ ಕಣಮ್ಮ. ಆಗ ನಿಮ್ಗೆ ಎದ್ದು ಓಡೋಕಾಯ್ತದಾ?"

ಅವ್ವ ಗೋಡೆ ಕಡೆ ತಿರುಗಿಕೊಂಡಳು. ಮೇಸ್ತ್ರಿಗೆ ಕಾಫಿ ಕೊಡಕೂಡದೆಂದು ಸೊಸೆಗೆ ಅಪ್ಪಣೆಯಾಯಿತು. ಅವರು ನೀರು ಕುಡಿದು ಗೋಡೆ ಮುಗಿಸಿದರು. ಕಡೆಗೆ ಖಾಲಿ ಕೋಣೆಯಲ್ಲಿ ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಮೇಲೆ ವಾಸನೆ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. "ಎಂದಾದ್ರೂ ಬಂದ್ರೆ ಗೋಡೆ ಕೆಟ್ಟದೆ ಅಂತ ತಿಳ್ಕೊಳ್ಳಿ," ಎಂದು ಹೇಳಿ ಹೋದರು.

ಕೆಡಿಸಿದವನು ನಾನೇ. ತಿಂಗಳು ಕಳೆಯುವುದರೊಳಗೆ ಇನ್ವರ್ಟರ್ ವೈರು ಎಳೆಸುವ ನೆಪದಲ್ಲಿ ಮೆಟ್ಟಿಲ ಕಡೆಯ ಗೋಡೆಯಲ್ಲಿ ಮುಷ್ಟಿಗಾತ್ರದ ತೂತು ಹೊಡೆಸಿದೆ. ವೈರು ಇದ್ದದ್ದು ಬೆರಳಗಾತ್ರ. ಆ ಶುಕ್ರವಾರ ನಾನು ಕೆಳಗೆ ಸಾಂಬ್ರಾಣಿ ಹಾಕುತ್ತಿದ್ದಂತೆ ಮೇಲಿಂದ "ಬಂತು ಕಣ್ಲಾ, ಬಂತು!" ಎಂಬ ಕೂಗು ಕೇಳಿ, ಇಂಥ ಮಗ ಯಾರಿಗುಂಟು ಎಂದು ಬೀಗಿದೆ. ವರ್ಷಗಟ್ಟಲೆ ಬೀಗಿದೆ.

ಚೋಕು ಸುಟ್ಟ ಮಾರನೇ ದಿನ ಮೇಸ್ತ್ರಿಗೆ ಫೋನು ಮಾಡಿದೆ. ಈಗ ಅವರಿಗೆ ಏಣಿ ಹತ್ತಲಾಗದು.

"ಒಡ್ಸಿದ್ಯಾರು?"

"ನಾನೇ."

"ಅಂಗಾದ್ರೆ ನೀವೇ ಮುಚ್ಚಿ. ಕೈಗೆ ಗ್ಯಾಪ್ಕ ಇರ್ತದೆ."

ಅವ್ವನಿಗೆ ಹೇಳದೆ ಮುಚ್ಚಬಾರದೆನ್ನಿಸಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ.

"ಕೆಳಗಿಂದ ನನ್ತಾವಕ್ಕೆ ಬರೋದು ಅದೊಂದೇ ಕಣ್ಲಾ. ಅದ್ನೂ ಮುಚ್ತೀಯಾ?"

ಆದರೂ "ಮುಚ್ತೀನಿ ಕಣವ್ವ," ಎಂದೆ. ಅವಳು ಕೆಮ್ಮಿದ್ದು ಇನ್ನೂ ಕಿವಿಯಲ್ಲಿತ್ತು.

ಬಾಂಡ್ಲಿಯಲ್ಲಿ ಸಿಮೆಂಟು ಕಲಸಿ ಏಣಿ ಹತ್ತಿದೆ. ಮೊದಲು ಮೆತ್ತಿದ್ದು ಪೂರಾ ನನ್ನ ತಲೆಯ ಮೇಲೆ ಬಿತ್ತು. ಹಾಸಿಗೆ ಹೊಲಿಯುವ ಕೈ, ಇನ್ನೇನಾದೀತು? ಇಟ್ಟಿಗೆ ಚೂರು ತುರುಕಿ, ವೈರಿನ ಸುತ್ತ ಕೂದಲೆಳೆ ಸಂದೂ ಇಲ್ಲದ ಹಾಗೆ ಮತ್ತೆ ಮೆತ್ತಿದೆ. ಇಳಿದವನೇ, ಓಡಾಡಲು ಸಲೀಸೆಂದು ಆಗಾಗ ಬಾಗಿಲಿಗೆ ಒಡ್ಡುತ್ತಿದ್ದ ದಿಂಬಿನ ಕಟ್ಟನ್ನೂ ತೆಗೆದೆ. ಬಾಗಿಲು ಹಿಮ್ಮಡಿಗೆ ಬಡಿದು ಮುಚ್ಚಿಕೊಂಡಿತು.

ಇವತ್ತು ಶುಕ್ರವಾರ. ಉಗುರಿನ ಸಂದಿಯ ಸಿಮೆಂಟು ಇನ್ನೂ ಹೋಗಿಲ್ಲ. ನೀರಿನ ಬಾಂಡ್ಲಿಯ ನಡುವೆ ಧೂಪಾರತಿ ಇಟ್ಟು, ಆ ಕೋಣೆಗೆ ಕಡೇ ಸಲ ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿದೆ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ.

"ಅವ್ವ, ವಾಸ್ನೆ ಬತ್ತದಾ?"

"ಇಲ್ಲ ಕಣ್ಲಾ." ದನಿ ಸಣ್ಣಗಿತ್ತು.

ಗೋಡೆ ಗೆದ್ದಿತು. ಗಿರಾಕಿ ಕಾಯುತ್ತಿದ್ದರು, ಕಾಯಲಿ ಎಂದು ಧೂಪಾರತಿ ಹಿಡಿದು ಮೆಟ್ಟಿಲು ಹತ್ತಿದೆ. ಇಷ್ಟು ವರ್ಷ ಶುಕ್ರವಾರ ಸಂಜೆ ಅವಳ ಹತ್ತಿರ ಹೋಗುತ್ತಿದ್ದದ್ದು ಹೊಗೆ, ನಾನಲ್ಲ. ಮಗನ ಕೆಲಸವನ್ನು ತೂತಿಗೆ ವಹಿಸಿ ಆರಾಮಾಗಿದ್ದೆ.

"ಯಾಪಾರದೊತ್ತಲ್ಲಿ ಅಂಗ್ಡಿ ಬುಟ್ಟು ಬಂದ್ಯಾ?" ಎಂದಳು ಅವ್ವ. ಎರಡೂ ಕೈಯಿಂದ ಹೊಗೆಯನ್ನು ಬಾಚಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕಾಲು ಸರಿಸಿ ಮಂಚದಲ್ಲಿ ಜಾಗ ಮಾಡಿದಳು.

"ಕೆಂಡ ಆರೋಗಂಟ ಕೂತ್ಕೊಳ್ಲಾ."

ಕೂತೆ.