ಅತ್ತೆಯ ವಿಲಾಯತಿ ಹಣ

ನಾನು ಸೊಸೆಯಾಗಿ ಹುಮನಾಬಾದಿಗೆ ಬಂದ ಕಾಲಕ್ಕೆ ನಮ್ಮ ಅರಿವೆ ಅಂಗಡಿಯಲ್ಲಿ ಎರಡು ಬಗೆಯ ಹಣ ಓಡಾಡುತ್ತಿತ್ತು. ನಿಜಾಮರ 'ಹಾಲಿ' ಎನ್ನುವ ರೂಪಾಯಿ ಒಂದು, ನನ್ನ ತವರು ಸೋಲಾಪುರದ ಕಡೆಯಿಂದ ಬರುವ ಇಂಗ್ಲಿಷರ ಕಲ್ದಾರ್ ರೂಪಾಯಿ ಇನ್ನೊಂದು. ಮೂರನೆಯ ಬಗೆಯದು ಅತ್ತೆಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇದೆ ಎಂಬುದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಮಾವ ತೀರಿಕೊಂಡ ನಂತರ ಗಲ್ಲಾಪೆಟ್ಟಿಗೆಯ ಮುಂದೆ ಅತ್ತೆಯೇ ಕೂಡುತ್ತಿದ್ದರು. ನಾನು ಬರುವ ಮುನ್ನ ಒಮ್ಮೆ ಘಾಟಬೋರಾಳದ ಒಬ್ಬ ಸಿಪಾಯಿ, ಎರಡನೆಯ ಮಹಾಯುದ್ಧದ ಲಡಾಯಿಯಿಂದ ವಾಪಸು ಬಂದವನು, ಮಗಳ ಮದುವೆಗೆ ಅರಿವೆ ಕೊಳ್ಳಲು ಬಂದನಂತೆ. ರೂಪಾಯಿಗಳ ನಡುವೆ ಒಂದು ಪರದೇಶದ ಕಾಗದವನ್ನೂ ಇಟ್ಟ. ಅದು ಬ್ರಿಟಿಷ್ ಪೋಸ್ಟಲ್ ಆರ್ಡರ್, ಅಂದರೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪಡೆದು ಇನ್ನೊಬ್ಬರಿಗೆ ಕಳಿಸುವ ಚೀಟಿ. ಲಡಾಯಿ ಶುರುವಾದಾಗ ವಿಲಾಯತಿಯ ಅಂಗಡಿಗಳಲ್ಲಿ ಕೆಲವು ದಿನ ಅದೇ ನೋಟಿನಂತೆ ನಡೆಯುತ್ತಿತ್ತು ಎಂದು ಅವನು ಹೇಳಿದ. ನನ್ನ ಗಂಡ ನಕ್ಕು ಅದನ್ನು ಹಿಂದಕ್ಕೆ ಸರಿಸಿದರು. ಅತ್ತೆ ಮಾತ್ರ ತೆಗೆದುಕೊಂಡು, ಅದಕ್ಕೆ ಬದಲಾಗಿ ಒಂದು ಕುಪ್ಪಸದ ಖಣ ಕೊಟ್ಟರು. ಸುದ್ದಿ ಹಬ್ಬಿತು. ಮುಂದೆ ನಿರ್ಣಾದಿಂದಲೋ ಮನ್ನಾಏಖೇಳ್ಳಿಯಿಂದಲೋ, ಸೈನ್ಯದ ಪಲ್ಟಣದಲ್ಲಿ ಇದ್ದವರು, ಹಡಗಿನಲ್ಲಿ ದುಡಿದವರು ಅಂಥ ಚೀಟಿ ಉಳಿದಿದ್ದರೆ ತಂದು ಅತ್ತೆಗೆ ಕೊಡತೊಡಗಿದರು.

ನನಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತದೆಂದು ತಿಳಿದ ದಿನ ಅವರು ಟ್ರಂಕು ತೆರೆದರು. ಅಲ್ಲಿಯವರೆಗೆ ನನ್ನ ಜೊತೆ ಅವರ ಮಾತೆಲ್ಲ ಸಾರಿನ ಉಪ್ಪಿನ ಬಗ್ಗೆ ಮಾತ್ರ. ಈಗ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಚೀಟಿ ಹರವುತ್ತಿದ್ದೆವು. ದುಂಡು ಮುದ್ರೆಯಲ್ಲಿರುವ ಊರಿನ ಹೆಸರು ನಾನು ಓದಬೇಕು.

"ಲಿವರಪೂಲ ಅಂದ್ರ ಹ್ಯಾಂಗ ಅದ? ಅಲ್ಲಿ ಸಂತಿ ಕೂಡತದೇನು?" ಎಂದು ಕೇಳುತ್ತಿದ್ದರು.

ಸೋಲಾಪುರ ದಾಟಿ ಆಚೆ ಹೋಗದ ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವರು ನಂಬುತ್ತಿದ್ದರು, ಅಥವಾ ನಂಬಿದಂತೆ ಕೇಳುತ್ತಿದ್ದರು.

ನಲವತ್ತೆಂಟರ ಗಲಾಟೆಯಲ್ಲಿ ಅಂಗಡಿ ಮುಚ್ಚಿ ಎಲ್ಲರೂ ನನ್ನ ತವರಿಗೆ ಹೋದೆವು. ಹಿಂದಿರುಗಿದಾಗ ನಿಜಾಮರ ಆಡಳಿತ ಮುಗಿದಿತ್ತು, ಆದರೆ ಜನರ ಮುಖದಲ್ಲಿನ ಅಂಜಿಕೆ ಹೋಗಿರಲಿಲ್ಲ. ಮೊದಲು ನಿಜಾಮರ ಕಡೆಯ ಗುಂಪುಗಳಿಂದ ಹಿಂದೂಗಳಿಗೆ ಆಗಿದ್ದು ಒಂದು ಬಗೆ, ಭಾರತದ ಸೈನ್ಯ ಬಂದ ಮೇಲೆ ಮುಸಲ್ಮಾನರಿಗೆ ಆಗಿದ್ದು ಇನ್ನೊಂದು ಬಗೆ. ಅಂಥ ದಿನಗಳಲ್ಲಿ ಗಿರಾಕಿಯೊಬ್ಬ, ಕಲ್ಯಾಣಿಯಲ್ಲಿ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಮುಸಲ್ಮಾನ ಬಾವರ್ಚಿ ಇದ್ದಾನೆ, ಅವನ ಹತ್ತಿರ ಹತ್ತು ಶಿಲಿಂಗಿನ ಚೀಟಿ ಇದೆ ಎಂದ. ಈಗಿನ ಬಸವಕಲ್ಯಾಣವನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ಅಷ್ಟು ದೊಡ್ಡ ಚೀಟಿ ಅತ್ತೆಯ ಬಳಿ ಇರಲಿಲ್ಲ.

"ಇಂಥಾ ಟೈಮಿನ್ಯಾಗ ಆ ಗಲ್ಲಿಗಿ ಹೋಗ್ತಿಯೇನವ್ವಾ?" ಎಂದು ನನ್ನ ಗಂಡ ತಡೆದರು.

"ಟೈಮ್ ಛಲೋ ಆಗ್ಲಿ ಅಂತ ಎಲ್ಲಾರೂ ಮನ್ಯಾಗ ಕುಂತ್ರ ಅದು ಯಾವಾಗ ಆಗ್ಬೇಕು?" ಎಂದು ಅತ್ತೆ ಸೆರಗು ಹೊದ್ದು ನನ್ನನ್ನು ಕರೆದುಕೊಂಡು ಮೋಟಾರು ಬಸ್ಸು ಹತ್ತಿದರು.

ಬಾವರ್ಚಿಯ ಮನೆ ಕೋಟೆಯ ಹತ್ತಿರದ ಓಣಿಯಲ್ಲಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಾತ್ರೆ, ಹಾಸಿಗೆ ಎಲ್ಲ ಗಂಟು ಕಟ್ಟಿಟ್ಟಿದ್ದರು. ನಾವು ಬಂದ ಕಾರಣ ಕೇಳಿ ಅವನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಪೆಟ್ಟಿಗೆಯಿಂದ ಚೀಟಿ ತೆಗೆದು ತೋರಿಸಿದ.

"ಇಂಥವು ಎರಡಿದ್ವು ಅಮ್ಮಾ. ಲಡಾಯಿ ಶುರು ಆದಾಗ ನಮ್ಮ ಜಹಾಜ ವಿಲಾಯತಿ ಬಂದರದಾಗ ನಿಂತಿತ್ತು. ಥಂಡಿ ಅಂದ್ರ ಥಂಡಿ. ಒಂದು ಅರಿವಿ ದುಕಾನಿಗಿ ಹೋದೆ. ಒಬ್ಬಾಕಿ ಮುದುಕಿ ಕುಂತಿದ್ದಳು. ನನಗ ಆಕಿ ಮಾತು ತಿಳೀವಲ್ದು, ಆಕಿಗಿ ನಂದು. ಚೀಟಿ ಮುಂದಿಟ್ಟೆ. ಆಕಿ ಚೀಟಿ ನೋಡಿದಳು, ನನ್ನ ಮಾರಿ ನೋಡಿದಳು, ಒಂದು ಉಣ್ಣಿ ಕೋಟು ತಂದು ತಾನೇ ತೊಡಿಸಿದಳು. ಎರಡನೇದು ಖರ್ಚು ಮಾಡ್ಲಿಕ್ಕಿ ಮನಸ್ಸಾಗ್ಲಿಲ್ಲ. ಇದು ಮಾರಂಗಿಲ್ರಿ."

ಅತ್ತೆ ಒತ್ತಾಯ ಮಾಡಲಿಲ್ಲ. ಗಂಟುಗಳ ಕಡೆ ನೋಡುತ್ತ, "ಎಲ್ಲಿಗಿ ಹೊಂಟೀರಿ ಭಾಯಿ?" ಎಂದರು.

ಹೈದರಾಬಾದಿನಲ್ಲಿ ಹೆಂಡತಿಯ ಕಡೆಯವರಿದ್ದಾರೆ, ಇಲ್ಲಿ ತಾನು ಸುಟ್ಟು ಮಾರುವ ಪಾವ್ ರೊಟ್ಟಿ ಈಗ ಯಾರೂ ಕೊಳ್ಳುತ್ತಿಲ್ಲ ಎಂದ.

"ಅಲ್ಲಿ ನಿಮಗ ಪಾವ್ ಸುಡೋ ಭಟ್ಟಿ ಅದ ಏನು?"

"ಇಲ್ರಿ. ಹೋಗಿ ನೋಡಬೇಕು."

"ನಮ್ಮ ದುಕಾನಿನ ಹಿಂದ ಒಂದು ಖಾಲಿ ಛಪ್ಪರ ಅದ. ಎದುರಿಗೇ ಮೋಟಾರು ನಿಂದರ್ತಾವ. ಇಳಿದ ಮಂದಿಗಿ ಹಸಿವಿ ಇದ್ದೇ ಇರ್ತದ."

"ನಮ್ಮ ಕೈದು ಯಾರು ತಿಂತಾರಮ್ಮಾ?"

"ಮೊದಲ ನಾ ತಿಂತೀನಿ."

ನಾನು ಬೆಚ್ಚಿ ಅತ್ತೆಯ ಮುಖ ನೋಡಿದೆ. ಮದುವೆ ಮನೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುವ ಹೆಂಗಸು ಅವರು. ಬಾವರ್ಚಿ ಚೀಟಿಯನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟ. ಆಗ ಪರದೆಯ ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿತು: "ಅಮ್ಮಾ, ಅಲ್ಲಿ ನೀರು ಸಮೀಪ ಅದ ಏನ್ರಿ?"

ಬಾವಿ ಹಿತ್ತಲಲ್ಲೇ ಇದೆ ಎಂದು ನಾನೇ ಹೇಳಿದೆ.

ಮುಂದಿನ ವಾರ ಆ ಗಂಟುಗಳು ಹುಮನಾಬಾದಿಗೆ ಬಂದವು. ಶುರುವಿನ ದಿನಗಳು ಸುಲಭವಿರಲಿಲ್ಲ. ಕೆಲವು ಹಳೆಯ ಗಿರಾಕಿಗಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ನನ್ನ ಗಂಡ ತಾಯಿಯೊಡನೆ ಸಿಡಿಮಿಡಿ ಮಾಡಿದರು. ಅತ್ತೆ ಮಾತ್ರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬೀದಿಗೆ ಕಾಣುವಂತೆ ಕೂತು, ಬಿಸಿ ಪಾವನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಮೊದಲ ದಿನ ಅವರೊಬ್ಬರೇ ತಿಂದರು. ಎರಡನೆಯ ದಿನ ನಾನೂ ಪಕ್ಕದಲ್ಲಿ ಕೂತೆ. ಮೋಟಾರಿನ ಡ್ರೈವರುಗಳು ಬಂದರು, ಅವರ ಹಿಂದೆ ಪ್ರಯಾಣಿಕರು ಬಂದರು. ಬಾವರ್ಚಿ ನಾನಖಟಾಯಿ ಬಿಸ್ಕತ್ತು ಸುಡಲು ಶುರು ಮಾಡಿದ ಮೇಲೆ ಓಣಿಯ ಹೆಂಗಸರೂ ಖಾಲಿ ಡಬ್ಬಿ ಕಳಿಸಿ ತರಿಸಿಕೊಳ್ಳತೊಡಗಿದರು.

ಹತ್ತು ಶಿಲಿಂಗಿನ ಚೀಟಿ ಮಾತ್ರ ಅತ್ತೆಗೆ ಸಿಗಲೇ ಇಲ್ಲ. ಹಬ್ಬ ಬಂದಾಗಲೊಮ್ಮೆ, "ಈ ಸಲ ಕೊಡ್ತೀರೇನು ಭಾಯಿ?" ಎನ್ನುವರು. "ಇಲ್ಲಮ್ಮಾ" ಎಂದು ಅವನು ಒಂದು ಹಿಡಿ ನಾನಖಟಾಯಿ ಕೊಡುವನು. ಇಬ್ಬರೂ ನಗುವರು.

ಐವತ್ತನೇ ಇಸವಿಯಲ್ಲಿ ಒಂದು ಭಟ್ಟಿ ಸಾಲದಾಯಿತು. ಇನ್ನೊಂದು ಕಟ್ಟಲು ನಮ್ಮ ಹಿತ್ತಲ ಗೋಡೆ ಒಡೆಯಬೇಕಿತ್ತು. ನನ್ನ ಗಂಡ ಯಾರನ್ನೂ ಕೇಳದೆ, ಅಂಗಿಯ ತೋಳು ಮಡಿಚಿ, ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋದರು.