ಕುಂಕುಮ ಹಚ್ಚಿದ ಕಟಿಂಗ್ ಪ್ಲೇಯರ್

ದೇವರ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಸಿಡ್ನಿಯಿಂದ ಫೋನ್ ಬಂತು. ಭಾವ ಹೋಗಿಬಿಟ್ಟಿದ್ದರು. ನನ್ನ ಕಣ್ಣಿಗೆ ಕಟ್ಟಿದ್ದು ಅವರ ಮುಖವಲ್ಲ, ತೋರುಬೆರಳು. ಸೋಲ್ಡರಿಂಗ್ ಐರನ್ ತಾಗಿ ತಾಗಿ ಉಗುರು ಕಪ್ಪಾಗಿತ್ತು. ಆ ಬೆರಳು ಮುಂದೆ ಚಾಚದೆ ಅವರು ಯಾರೊಂದಿಗೂ ಮಾತಾಡಿದವರಲ್ಲ.

ನಮ್ಮ ಯಜಮಾನರ ಅಣ್ಣ. ಸಿಡ್ನಿಯ ಪ್ಯಾರಮಟ್ಟಾದಲ್ಲಿ ಇಂಜಿನಿಯರ್, ಹಳೆಯ ವಿಡಿಯೋ ಗೇಮ್ ಮಷೀನು ರಿಪೇರಿ ಮಾಡುವ ಹುಚ್ಚು. ನಮ್ಮದು ಮೆಲ್ಬರ್ನಿನಲ್ಲಿ ಹಾಲು, ಬ್ರೆಡ್ಡು ಮಾರುವ ಮಿಲ್ಕ್ ಬಾರ್. ಮೂಲೆಯಲ್ಲಿದ್ದ ಒಂದೇ ಒಂದು ಗೇಮ್ ಮಷೀನಿಗಾಗಿ ಶಾಲೆಯ ಮಕ್ಕಳು ಬರುತ್ತಿದ್ದರು. ಅವರು ಬಂದರೆ ಅಂಗಡಿ, ಇಲ್ಲದಿದ್ದರೆ ಬೀಗ.

ಭಾವ ಬಂದರೆ ಎರಡೇ ದಿನ ಇರುತ್ತಿದ್ದರು, ಅದೊಂದು ದೇವರ ದಯೆ. ಸಾರು ಸರಿಯಿದ್ದರೂ ಉಪ್ಪು ಕೇಳುವ ಮನುಷ್ಯ. "ಅಂಗಡಿ ನಡೆಸೋದು ನೀವೋ, ನಿನ್ನ ದೇವರೋ?" ಎಂದು ಗಿರಾಕಿಗಳ ಮುಂದೆಯೇ ಕುಟುಕುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ಒಂದು ಆಯುಧಪೂಜೆ. ತಕ್ಕಡಿ, ಕಟಿಂಗ್ ಪ್ಲೇಯರ್, ಗೇಮ್ ಮಷೀನು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಿದ್ದೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದು. ಹಬ್ಬಕ್ಕೆಂದು ಬಂದಿದ್ದ ಭಾವ ಮಷೀನಿನ ಹಿಂಬದಿ ತೆಗೆದು ಒಳಗಿನ ಸರ್ಕ್ಯೂಟ್ ಬೋರ್ಡು ಹೊರಗೆಳೆದರು.

"ನೋಡಮ್ಮಾ, ಬ್ಯಾಟರಿ ಸೋರಿ ಹಸಿರು ಕಟ್ಟಿದೆ. ದೀಪದ ಕಿಲುಬು ವಾರವಾರ ತಿಕ್ತೀಯ, ಇದನ್ಯಾರು ತಿಕ್ತಾರೆ, ನಿಮ್ಮಪ್ಪನಾ?"

"ಇವತ್ತು ಬೇಡ ಭಾವ. ನಾಳೆ ಮಾಡಿ."

"ಇದು ನಿನ್ನ ಪಂಚಾಂಗ ನೋಡ್ಕೊಂಡು ಸೋರಲ್ಲ. ಬೋರ್ಡಿನ ತಾಮ್ರ ಎಲ್ಲಾ ತಿಂದುಹಾಕಿದ್ಮೇಲೆ ಇದಕ್ಕೇ ಮಂಗಳಾರತಿ ಎತ್ತು."

ದೇವರ ಮುಂದಿದ್ದ ಕಟಿಂಗ್ ಪ್ಲೇಯರನ್ನು ಕುಂಕುಮದ ಸಮೇತ ಎತ್ತಿಕೊಂಡು ಬ್ಯಾಟರಿ ಕತ್ತರಿಸಿ ಬಿಸಾಡಿದರು. ಬೋರ್ಡನ್ನು ವಿನೆಗರಿನಲ್ಲಿ ಒರೆಸಿ, ತೊಳೆದು, ಒಣಗಿಸಿದರು. ಹೊಸ ಬ್ಯಾಟರಿಯನ್ನು ಉದ್ದನೆಯ ವೈರಿನ ತುದಿಗೆ ಹಾಕಿ, ಸೋರಿದರೂ ಬೋರ್ಡಿಗೆ ತಾಗದ ಹಾಗೆ ದೂರ ಕಟ್ಟಿದರು. ಹಳೆಯ ಬ್ಯಾಟರಿ ನೆನಪಿಟ್ಟಿದ್ದ ಮಕ್ಕಳ ಸ್ಕೋರೆಲ್ಲ ಅಳಿಸಿಹೋಗಿ ಅವರೂ ಮುನಿಸಿಕೊಂಡರು. "ಎತ್ತಿಡೋ ಸಾಮಾನಿಂದ ಬ್ಯಾಟರಿ ಬಿಚ್ಚಿಡಬೇಕು. ಅಷ್ಟಾದ್ರೂ ತಲೇಲಿಟ್ಕೋ" ಎಂದು ಹೊರಟರು. ನಾನು ಕಾಫಿ ಕೊಡಲಿಲ್ಲ.

ಮುಂದೆ ಪಕ್ಕದ ಬೀದಿಯ ಅಂಗಡಿಯ ಮಷೀನು ಅದೇ ಹಸಿರಿಗೆ ಸಿಕ್ಕಿ ಸತ್ತಿತು. ನಮ್ಮದು ಅಂಗಡಿ ಬಿಟ್ಟುಕೊಡುವವರೆಗೂ ನಡೆಯಿತು. ದೇವರು ಕಾಪಾಡಿದ ಎಂದೇ ಹೇಳಿಕೊಂಡು ಬಂದೆ. ಆ ನಾಲಿಗೆಯನ್ನು ಮಾತ್ರ ಕ್ಷಮಿಸಲಾಗಲಿಲ್ಲ.

ಈಗ ಸತ್ತೂ ನನ್ನ ಪೂಜೆ ನಿಲ್ಲಿಸಿದರು. ಸೂತಕ, ಹತ್ತು ದಿನ ದೀಪ ಹಚ್ಚುವಂತಿಲ್ಲ, ಬೆಳಗಿನ ದೇವರನಾಮದ ಕ್ಯಾಸೆಟ್ ಹಾಕುವಂತಿಲ್ಲ. ಕೈ ತೊಳೆದು, ಟೇಪ್‌ರೆಕಾರ್ಡರಿನ ಹಿಂಬದಿ ತೆರೆದು ಬ್ಯಾಟರಿಗಳನ್ನು ಬಿಚ್ಚಿಟ್ಟೆ. ಆಮೇಲೆ ಅರ್ಧ ತಿಕ್ಕಿದ ದೀಪವನ್ನು ಪೂರ್ತಿ ತಿಕ್ಕಿ ಎತ್ತಿಡಲು ಕೂತೆ.