ಎರಡು ಗೋಣಿಚೀಲ, ಎರಡು ಬೆಕ್ಕು ಮತ್ತು ದೇವೀರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಂಗಡಹಳ್ಳದ ಸುರೇಂದ್ರ ಅವರ ಕಾಫಿ ಕಣದ ಅಂಚಿನಲ್ಲಿ ದೇವೀರಮ್ಮ ಕುಕ್ಕರಗಾಲಿನಲ್ಲಿ ಕೂತು, ಅಲ್ಯೂಮಿನಿಯಂ ತಟ್ಟೆಗೆ ಸೌಟಿನಿಂದ ಮೆಲ್ಲಗೆ ಬಡಿಯುತ್ತಿದ್ದಾರೆ. ಎರಡು ಸಲ ಬಡಿಯುತ್ತಾರೆ, ನಿಲ್ಲಿಸುತ್ತಾರೆ, ಕಿವಿಗೊಡುತ್ತಾರೆ. ತಟ್ಟೆಯಲ್ಲಿ ಬೇಯಿಸಿದ ಮೀನಿನ ತಲೆ ಮತ್ತು ಅನ್ನ ಇದೆ. ಎದುರಿಗೆ ಮಂಜು ಹೊದ್ದ ತೋಟ. ಅದರೊಳಗೆ ಎಲ್ಲೋ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕಿದೆ ಎಂಬುದು ಅವರ ನಂಬಿಕೆ.

"ಬೂದೀ, ಬಾರೇ ನನ್ನವ್ವ. ಯಾರೂ ಇಲ್ಲ ಕಣೇ, ನಾನೊಬ್ಳೇ ಇರೋದು."

ಇದು ಅಪ್ಪಟ ಸುಳ್ಳು. ಅವರ ಹಿಂದೆ ನಾನು ನಿಂತಿದ್ದೇನೆ. ನನ್ನ ಪಕ್ಕದಲ್ಲಿ ಸುರೇಂದ್ರ ಅಂಡು ಸುಟ್ಟ ಬೆಕ್ಕಿನ ಹಾಗೆ ಕಣದ ಉದ್ದಕ್ಕೂ ಓಡಾಡುತ್ತಿದ್ದಾರೆ. ತೋಟದ ಕೆಳಗಿನ ಹಳ್ಳದಲ್ಲಿ ಆನೆಗಳಿವೆ. ಸುತ್ತಮುತ್ತ ಆನೆ ಓಡಾಟವಿದೆ, ಯಾರೂ ತೋಟಕ್ಕೆ ಇಳಿಯಬಾರದು ಎಂಬ ಅರಣ್ಯ ಇಲಾಖೆಯ ಸಂದೇಶ ಬೆಳಗಿನ ಜಾವವೇ ಎಲ್ಲರ ಫೋನಿಗೂ ಬಂದಿದೆ. ಹಣ್ಣು ಕೊಯ್ಯುವ ಆಳುಗಳೂ ಇವತ್ತು ತಾವು ವಾಸವಿರುವ ಲೈನ್ ಮನೆ ಬಿಟ್ಟು ಹೊರಟಿಲ್ಲ. ಹಾಗಾಗಿ ಸಿಮೆಂಟಿನ ಕಣ ಮುಗಿಯುವ ಜಾಗಕ್ಕೇ ದೇವೀರಮ್ಮನ ಹುಡುಕಾಟವೂ ಮುಗಿಯುತ್ತದೆ.

ದೇವೀರಮ್ಮ ಬೆಳಗೋಡಿನ ಹತ್ತಿರದ ಒಂದು ಪ್ರಾಣಿ ಆಶ್ರಯಧಾಮದಲ್ಲಿ ಬೆಕ್ಕುಗಳನ್ನು ನೋಡಿಕೊಳ್ಳುವವರು. ಅವರ ಬಗ್ಗೆ ಬರೆಯುತ್ತೇನೆಂದಾಗ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಒಬ್ಬರು, "ಹುಲಿಯ ಬಗ್ಗೆ ಬರೆಯುವವರ ನಡುವೆ ನೀನೊಬ್ಬ ಬೆಕ್ಕಿಗೆ ಸಿಕ್ಕೆಯಲ್ಲಪ್ಪ" ಎಂದು ನಕ್ಕಿದ್ದರು. ನಗುವಂಥದ್ದೇ ಏನೋ ಸಿಗುತ್ತದೆ ಎಂದುಕೊಂಡು ನಾನೂ ಹೊರಟೆ. ಆಶ್ರಯಧಾಮಕ್ಕೆ ಹೋದರೆ ಇವರು ಅಲ್ಲಿರಲಿಲ್ಲ. ಹೊಂಗಡಹಳ್ಳಕ್ಕೆ ದತ್ತು ಕೊಟ್ಟ ಬೆಕ್ಕಿನ ಜೋಡಿಯಲ್ಲಿ ಒಂದು ತಪ್ಪಿಸಿಕೊಂಡಿದೆ, ಭಾನುವಾರದಿಂದ ಅಲ್ಲೇ ಬೀಡುಬಿಟ್ಟಿದ್ದಾರೆ ಎಂದರು. ಈಗ ಬುಧವಾರ.

ಐವತ್ತು ದಾಟಿದ ದೇವೀರಮ್ಮ ಆಲೂರು ಕಡೆಯವರು. ಹದಿಹರೆಯದಿಂದಲೂ ಎಸ್ಟೇಟಿನ ಲೈನಿನಲ್ಲಿದ್ದು ಕಾಫಿ ಕೊಯ್ದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ದುಡಿದರು. ಬಲದ ಭುಜ ಮೇಲಕ್ಕೆ ಏಳದಂತಾದಾಗ ಕೊಯ್ಲಿನ ಕೆಲಸ ಬಿಡಬೇಕಾಯಿತು. ಕಸ ಗುಡಿಸಲೆಂದು ಆಶ್ರಯಧಾಮಕ್ಕೆ ಸೇರಿದವರನ್ನು ಬೆಕ್ಕುಗಳೇ ಒಳಕೋಣೆಗೆ ಬಡ್ತಿ ಕೊಟ್ಟು ಕರೆದುಕೊಂಡವು. ಹಳೆಯ ಕಾಫಿ ಸ್ಟೋರನ್ನೇ ತಗಡು ಹೊದಿಸಿ ಮಾಡಿದ ಆ ಕೋಣೆಯಲ್ಲಿ ಈಗ ಇಪ್ಪತ್ತಾರು ಬೆಕ್ಕುಗಳಿವೆ. ಕೋಳಿ ಕೂಗುವ ಹೊತ್ತಿಗೆ ಬೀಗ ತೆಗೆಯುವುದು, ಬೆಕ್ಕುಗಳು ಗಲೀಜು ಮಾಡಿದ ಮರಳು ಬದಲಿಸುವುದು, ಕಣ್ಣಿಗೆ ಔಷಧಿ ಹಾಕುವುದು, ಅನ್ನ ಬೇಯಿಸುವುದು, ಮತ್ತೆ ಮರಳು ಬದಲಿಸುವುದು. ವಾರಕ್ಕೆರಡು ಸಲ ಸಕಲೇಶಪುರದ ಮಾರ್ಕೆಟ್ಟಿಗೆ ಹೋಗಿ ಮೀನಿನ ತಲೆ ತರುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಸದಾ ಖಾಲಿ.

ಊರಿನಲ್ಲಿ ಅವರಿಗೆ ಬೆಕ್ಕಿನ ದೇವೀರಮ್ಮ ಎಂದೇ ಹೆಸರು. ಹೆಣ್ಣು ನೋಡಲು, ಕೋರ್ಟಿಗೆ ಎಂದು ಹೊರಟವರು ಇವರನ್ನು ಕಂಡರೆ ಅಲ್ಲೇ ನಿಂತು, ಇವರು ಹಾದುಹೋದ ಮೇಲೆ ಹೆಜ್ಜೆ ಇಡುತ್ತಾರಂತೆ. "ಬೆಕ್ಕು ಅಡ್ಡ ಬಂದ್ರೆ ಜನ ನಿಲ್ತಾರೆ, ಸರಿ. ನಾನು ಅಡ್ಡ ಬಂದ್ರೂ ನಿಲ್ತಾರೆ ಕಣ್ರೀ. ಒಂದ್ಸಲ ಮದುವೆ ದಿಬ್ಬಣದ ಜೀಪೇ ನಿಂತ್ಬುಡ್ತು" ಎಂದು ಹೇಳಿ ಒಂದು ಕ್ಷಣ ನಕ್ಕರು. ಆಮೇಲೆ ಮತ್ತೆ ತೋಟದ ಕಡೆ ತಿರುಗಿದರು.

ಇನ್ನು ಬೂದಿಯ ವಿಷಯ. ಅದರ ಜೊತೆಗಾರ ಕೆಂಚ, ಕಂದು ಪಟ್ಟೆಯ ಗಂಡು. ಪಾಳುಬಿದ್ದ ಲೈನೊಂದರ ಗೋಡೆ ಕೆಡವುವಾಗ ಎರಡೂ ಮರಿಗಳು ಒಂದಕ್ಕೊಂದು ಅಂಟಿಕೊಂಡು ಸಿಕ್ಕಿದ್ದವು. ಎರಡು ವರ್ಷ ಆಶ್ರಯಧಾಮದಲ್ಲಿದ್ದರೂ ಮನುಷ್ಯರ ಭಯ ಹೋಗಲಿಲ್ಲ. ಯಾರಾದರೂ ಕೋಣೆಗೆ ಬಂದರೆ ಬೂದಿ ಮೂಲೆ ಸೇರುತ್ತಿತ್ತು. ಕೆಂಚ ಹೋಗಿ ಅದರ ಮುಂದೆ ಕೂರುತ್ತಿದ್ದ. ಮುಖ ಬಂದವರ ಕಡೆಗೆ, ಬೆನ್ನು ಬೂದಿಯ ಮೈಗೆ ಒತ್ತಿಕೊಂಡು. ನೋಡಲು ಬಂದವರಿಗೆ ಕಾಣುತ್ತಿದ್ದುದು ಕೆಂಚ ಮಾತ್ರ. "ಇದೊಂದನ್ನೇ ಕೊಡಿ" ಎಂದು ಕೇಳಿದವರು ಬಹಳ ಮಂದಿ. ಕೊಟ್ಟರೆ ಎರಡನ್ನೂ ಕೊಡುವುದು, ಇಲ್ಲದಿದ್ದರೆ ಇಲ್ಲ ಎಂದು ದೇವೀರಮ್ಮ ಹಟ ಹಿಡಿದಿದ್ದರು.

ಕೊನೆಗೆ ಒಪ್ಪಿದವರು ಸುರೇಂದ್ರ ಮತ್ತು ಅವರ ಹೆಂಡತಿ ಮಧುಶ್ರೀ. ಸ್ವಲ್ಪವೇ ತೋಟ, ಸ್ಟೋರ್ ತುಂಬ ಇಲಿ. ಎರಡು ಬೆಕ್ಕಾದರೆ ಎರಡರಷ್ಟು ಇಲಿ ಹಿಡಿದಾವು ಎಂಬ ಲೆಕ್ಕಾಚಾರ ಗಂಡನದು. ಪಾಪ, ಜೋಡಿ ಇರಲಿ ಎಂಬ ಮನಸ್ಸು ಹೆಂಡತಿಯದು. ತಪ್ಪು ನಡೆದದ್ದು ಒಯ್ಯುವ ದಿನ.

ಆಶ್ರಯಧಾಮ ನಡೆಸುವ ಮಾನಸಾ ಅಂದು ಹಾಸನಕ್ಕೆ ಹೋಗಿದ್ದರು. ಬೆಕ್ಕು ಒಯ್ಯಲೆಂದು ಜಾಲರಿಯ ಪೆಟ್ಟಿಗೆ ಇಟ್ಟು ಹೋಗಿದ್ದರು. ದೇವೀರಮ್ಮ ಅದನ್ನು ಮುಟ್ಟಲಿಲ್ಲ. ಬೆಕ್ಕನ್ನು ಬೇರೆ ಮನೆಗೆ ಒಯ್ಯುವಾಗ ಗೋಣಿಚೀಲದಲ್ಲಿ ಕಟ್ಟಿ, ಹೊಸಲಿನ ಮುಂದೆ ಮೂರು ಸುತ್ತು ತಿರುಗಿಸಿ ಒಳಗೆ ಬಿಡಬೇಕು. ಹಾಗೆ ಮಾಡಿದರೆ ಅದಕ್ಕೆ ಬಂದ ದಾರಿ ಮರೆಯುತ್ತದೆ, ಹಳೆಯ ಮನೆ ಹುಡುಕಿಕೊಂಡು ಹೊರಡುವುದಿಲ್ಲ. ಅವರ ಅವ್ವ ಮಾಡುತ್ತಿದ್ದುದು ಹೀಗೆ. ಒಂದು ಚೀಲಕ್ಕೆ ಒಂದೇ ಬೆಕ್ಕು ಎಂಬುದೂ ಅವ್ವನ ಮಾತೇ.

ಇದು ಬರೀ ಮೂಢನಂಬಿಕೆ ಎಂದು ಮೂಗು ಮುರಿಯುವ ಮೊದಲು ಇನ್ನೊಂದು ಸಂಗತಿ ತಿಳಿಯಬೇಕು. ಹಿಂದೆ ಮಾರನಹಳ್ಳಿಗೆ ಪೆಟ್ಟಿಗೆಯಲ್ಲಿ ಕೊಟ್ಟು ಕಳಿಸಿದ್ದ ಬೆಕ್ಕೊಂದು ವಾಪಸು ಹೊರಟು, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿತ್ತು. ಅದನ್ನು ರಸ್ತೆಯಿಂದ ಎತ್ತಿ ತಂದವರು ದೇವೀರಮ್ಮನೇ.

"ಜಾಲರೀಲಿ ದಾರಿ ಕಾಣ್ತದೆ ಸಾರ್. ಕಂಡ್ರೆ ನನ್ನ ಹುಡುಕ್ಕೊಂಡು ಬರ್ತವೆ. ಬರಬಾರ್ದು ಅಂತಲೇ ಚೀಲಕ್ಕೆ ಹಾಕಿದ್ದು. ದಾರಿ ಮರೀಲಿ ಅಂತ ನಾನೇ ನನ್ನ ಕೈಯಾರೆ ತಿರುಗಿಸ್ಬುಟ್ಟೆ. ಈಗ ಅದಕ್ಕೆ ನನ್ನ ದಾರೀನೂ ಗೊತ್ತಿಲ್ಲ, ಈ ಮನೆ ದಾರೀನೂ ಗೊತ್ತಿಲ್ಲ."

ಹೊಸಲಿನ ಮುಂದೆ ಚೀಲ ತಿರುಗಿಸಿ ಕೊಟ್ಟು, ಎರಡನ್ನೂ ಒಂದೇ ಕೋಣೆಯಲ್ಲಿ ಬಿಡಿ ಎಂದು ಹೇಳಿಯೇ ಅವರು ವಾಪಸು ಜೀಪು ಹತ್ತಿದ್ದರು. ಆದರೆ ಸುರೇಂದ್ರ ಅವರ ಕೈಗೆ ಬಂದದ್ದು ಎರಡು ಚೀಲ. "ಎರಡು ಚೀಲ ಕೊಟ್ಟವ್ರೆ ಅಂದ್ರೆ ಎರಡು ಕಡೆಗೆ ಅಂದ್ಕಂಡೆ ಕಣ್ರೀ. ಒಂದು ಅಡುಗೆಮನೆಗೆ, ಒಂದು ಸ್ಟೋರಿಗೆ" ಎನ್ನುತ್ತಾರೆ ಸುರೇಂದ್ರ. ಅಡುಗೆಮನೆಯಲ್ಲಿ ಬಿಚ್ಚಿದ ಚೀಲದಲ್ಲಿ ಕೆಂಚ ಇದ್ದ. ಸ್ಟೋರಿನಲ್ಲಿ ಬಿಚ್ಚಿದ್ದು ಬೂದಿಯದು. ಅಷ್ಟರಲ್ಲಿ ಪಕ್ಕದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಶುರುವಾಯಿತು. ಆ ಸದ್ದಿಗೆ ಬೂದಿ ಬಾಗಿಲ ಸಂದಿಯಿಂದ ಹಾರಿ ಮರೆಯಾಯಿತು. ಸುದ್ದಿ ತಿಳಿದ ದೇವೀರಮ್ಮ ಅಂದೇ ಮರಳಿ ಬಂದರು.

ಅಂದಿನಿಂದ ಕೆಂಚ ಏನೂ ತಿಂದಿಲ್ಲ. ಇವತ್ತು ನಸುಕಿನಲ್ಲೇ ಮಾನಸಾ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ: ಇಷ್ಟು ದಿನ ಹೊಟ್ಟೆಗಿಲ್ಲದಿದ್ದರೆ ಬೆಕ್ಕಿನ ಯಕೃತ್ತು ಕೆಡುತ್ತದೆ, ಜೀಪು ಕಳಿಸುತ್ತೇನೆ, ಕೆಂಚನನ್ನಾದರೂ ಕರೆತನ್ನಿ, ಡ್ರಿಪ್ ಹಾಕಿಸೋಣ. ದೇವೀರಮ್ಮನಿಗೆ ಇದು ನುಂಗಲೂ ಆಗದ, ಉಗುಳಲೂ ಆಗದ ತುತ್ತು. ಕೆಂಚನನ್ನು ಇಲ್ಲೇ ಬಿಟ್ಟರೆ ಅವನು ಉಳಿಯುವುದಿಲ್ಲ. ಒಯ್ದರೆ ಬೂದಿ ಮರಳಿ ಬರಲು ಇಲ್ಲಿ ಕಾರಣವೇ ಉಳಿಯುವುದಿಲ್ಲ.

ಮಂಜು ತಿಳಿಯಾಗುತ್ತದೆ. ಹಳ್ಳದ ಕಡೆಯಿಂದ ಬೈನೆ ಮರ ಮುರಿದ ಸದ್ದು ಕೇಳಿಸುತ್ತದೆ. ಲೈನಿನ ಹಿರಿಯ ಆಳು ಲಕ್ಕಯ್ಯ ದೂರದಿಂದಲೇ ಕೈಬೀಸಿ, "ಏಳವ್ವ, ಒಳಗೆ ಹೋಗು ಮಾರಾಯ್ತಿ, ಮೇಲಕ್ಕೆ ಹತ್ತತಾ ಅವೆ" ಎಂದು ಕೂಗುತ್ತಾರೆ. ದೇವೀರಮ್ಮ ತಟ್ಟೆ ಎತ್ತಿಕೊಂಡು ಏಳುತ್ತಾರೆ. ಅವರ ಮುಖ ನೋಡಲು ನನಗೆ ಧೈರ್ಯ ಬರುವುದಿಲ್ಲ.

ಅಡುಗೆಮನೆಯಲ್ಲಿ ಮಧುಶ್ರೀ ಕಾಫಿ ಕೊಡುತ್ತಾರೆ. ಕೆಂಚ ಹಿಂಬದಿಯ ಗೋಡೆಯ ಬುಡದಲ್ಲಿ ಕೂತಿದ್ದಾನೆ. ಕಣ್ಣು ಗುಳಿ ಬಿದ್ದಿದೆ. "ಬಂದಾಗಿಂದ ಆ ಜಾಗ ಬಿಟ್ಟು ಏಳಲ್ಲ. ಒಲೆ ಹತ್ರ ಬೆಚ್ಚಗೆ ಚೀಲ ಹಾಸಿದ್ರೂ ಬರಲ್ಲ. ನಮ್ಮನ್ನೇ ದುರುಗುಟ್ಕೊಂಡು ನೋಡ್ತಾನೆ, ನಮ್ಮ ಮೇಲೆ ಸಿಟ್ಟು" ಎನ್ನುತ್ತಾರೆ ಅವರು.

ದೇವೀರಮ್ಮ ತಲೆಯಾಡಿಸುತ್ತಾ ಲೋಟ ಬಾಯಿಗೆ ಎತ್ತುತ್ತಾರೆ. ಲೋಟ ಅರ್ಧಕ್ಕೇ ನಿಲ್ಲುತ್ತದೆ.

"ಮಧುಶ್ರೀಯಮ್ಮ, ಈ ಗೋಡೆಯಿಂದಾಚೆ ಏನೈತೆ?"

"ಬಚ್ಚಲು. ಹಂಡೆ ಒಲೆ, ಅದರ ಪಕ್ಕ ಸೌದೆ ಒಟ್ಟೈತೆ. ಅಲ್ಲೂ ಟಾರ್ಚ್ ಬಿಟ್ಟು ನೋಡಿದ್ವಲ್ಲ, ಏನೂ ಕಾಣ್ಲಿಲ್ಲ."

"ಅವನು ಸಿಟ್ಟು ಮಾಡ್ಕೊಂಡಿಲ್ಲ ಕಣವ್ವ" ಎನ್ನುತ್ತಾರೆ ದೇವೀರಮ್ಮ. ಕೆಂಚನ ಕಡೆಗೆ ಬೆರಳು ತೋರಿಸುತ್ತಾರೆ. "ಬೆನ್ನು ನೋಡು, ಹೆಂಗೆ ಗೋಡೆಗೆ ಒತ್ಕೊಂಡವ್ನೆ. ಬೂದಿ ಹಿಂದೆ ಇದ್ದಾಗ ಇವನು ಕೂರೋದೇ ಹಿಂಗೆ."

ಗೋಡೆಗೆ ಕಿವಿ ಇಟ್ಟರೆ ಏನೂ ಕೇಳಿಸುವುದಿಲ್ಲ. ಸುರೇಂದ್ರ ಬಚ್ಚಲಿಗೆ ಹೋಗಿ ಸೌದೆ ತೆಗೆಯಲು ಹೊರಡುತ್ತಾರೆ. ದೇವೀರಮ್ಮ ಅವರ ಕೈ ಹಿಡಿದು ನಿಲ್ಲಿಸುತ್ತಾರೆ. ಬಚ್ಚಲು ಎಂದರೆ ಮೇಲೆ ತಗಡು, ಒಂದು ಬದಿ ಪೂರ್ತಿ ಬಯಲು. ಅಲ್ಲಿಂದ ನಾಲ್ಕು ಹೆಜ್ಜೆಗೆ ತೋಟ. ಒಂದು ಕೊರಡು ಉರುಳಿದರೂ ಬೂದಿ ಹಾರಿ ಆನೆಗಳಿರುವ ಕಡೆಗೇ ಓಡುತ್ತದೆ, ಮತ್ತೆ ಸಿಗುವುದಿಲ್ಲ. ಉಳಿದಿರುವುದು ಒಂದೇ ದಾರಿ.

"ಸುರೇಂದ್ರಣ್ಣ, ಈ ಕಡೆಯಿಂದ ಎರಡು ಇಟ್ಟಿಗೆ ಕೀಳೋಕಾಗ್ತದಾ?"

ಸುರೇಂದ್ರ ಗೋಡೆ ನೋಡುತ್ತಾರೆ, ಬೆಕ್ಕು ನೋಡುತ್ತಾರೆ. "ಅಲ್ಲಕ್ಕ, ಅದು ಅಲ್ಲಿ ಇಲ್ದೇ ಹೋದ್ರೆ?"

"ಇಲ್ದೇ ಹೋದ್ರೆ ನಾನೇ ಮಣ್ಣು ಕಲಸಿ ಮೆತ್ತಿಕೊಡ್ತೀನಿ."

ಇಲಿ ಹಿಡಿಯಲು ಬೆಕ್ಕು ಬೇಕೆಂದಿದ್ದ ಮನುಷ್ಯ, ಬೆಕ್ಕಿಗಾಗಿ ತನ್ನ ಮನೆಯ ಗೋಡೆಯನ್ನು ತಾನೇ ಕೊರೆಯುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಧುಶ್ರೀ ಸದ್ದಿಲ್ಲದೆ ಮೊದಲು ಹಳೆಯ ಚಾಕು ತಂದು ಗಂಡನ ಕೈಗಿಡುತ್ತಾರೆ. ಆಮೇಲೆ ಒಂದು ಹಲಗೆ ಹಿಡಿದು ಬಚ್ಚಲಿಗೆ ಹೋಗಿ, ಬೂದಿ ಆ ಕಡೆಗೆ ಹಾರದಂತೆ ಸೌದೆ ಒಟ್ಟಿಲಿನ ಸಂದಿಗೆ ಮೆಲ್ಲಗೆ ಅಡ್ಡ ಇಟ್ಟು ಬರುತ್ತಾರೆ. ಹಾರೆ ಬಳಸುವಂತಿಲ್ಲ, ಸುತ್ತಿಗೆಯಂತೂ ಬೇಡವೇ ಬೇಡ. ಹಸಿ ಇಟ್ಟಿಗೆಯ ಸುತ್ತಲಿನ ಮಣ್ಣನ್ನು ಚಾಕುವಿನ ತುದಿಯಲ್ಲಿ ಕೆರೆದು ಕೆರೆದು ಬಿಡಿಸಬೇಕು. ಕೆಂಚ ಒಂದು ಗೇಣು ಪಕ್ಕಕ್ಕೆ ಸರಿಯುತ್ತಾನೆ, ಅಷ್ಟೇ. ನನಗೆ ಕೆಮ್ಮು ಬರುತ್ತದೆ, ಅಂಗಿಯ ತೋಳಿನಲ್ಲಿ ಅದುಮಿಕೊಳ್ಳುತ್ತೇನೆ. ಹೊರಗೆ ಜೀಪು ಬಂದು ನಿಂತ ಸದ್ದಾದಾಗ ದೇವೀರಮ್ಮ ಕಿಟಕಿಯಿಂದಲೇ ಎರಡೂ ಕೈ ಎತ್ತಿ, ಇಂಜಿನ್ ಆರಿಸು ಎಂದು ಡ್ರೈವರಿಗೆ ಸನ್ನೆ ಮಾಡುತ್ತಾರೆ.

ಮೊದಲ ಇಟ್ಟಿಗೆ ಬರುತ್ತದೆ. ಎರಡನೆಯದೂ ಬರುತ್ತದೆ. ಒಳಗೆ ಕತ್ತಲೆ, ಸೌದೆಯ ತೊಗಟೆ, ಜೇಡರ ಬಲೆ. ಬೇರೇನೂ ಇಲ್ಲ. ಸುರೇಂದ್ರ ನಿಟ್ಟುಸಿರಿಟ್ಟು ಹಿಂದೆ ಸರಿಯುತ್ತಾರೆ. ದೇವೀರಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾರೆ.

ಆಗ ಕೆಂಚ ತಿರುಗುತ್ತಾನೆ. ಭಾನುವಾರದಿಂದ ಮೊದಲ ಬಾರಿಗೆ ಅವನ ಬೆನ್ನು ನಮ್ಮ ಕಡೆಗಿದೆ. ತೂತಿನೊಳಗೆ ತಲೆ ತೂರಿಸಿ, ನಾನು ಅದುವರೆಗೆ ಕೇಳಿರದ ಒಂದು ಸಣ್ಣ ದನಿ ತೆಗೆಯುತ್ತಾನೆ. ಒಳಗಿನಿಂದ ಇನ್ನೊಂದು ದನಿ ಬರುತ್ತದೆ. ತೊಗಟೆ ಸರಿದ ಸದ್ದು, ಆಮೇಲೆ ಬೂದು ಬಣ್ಣದ ಒಂದು ಮೂಗು, ಮಸಿ ಮೆತ್ತಿದ ಮೀಸೆ.

ಮಧುಶ್ರೀ ಅತ್ತುಬಿಡುತ್ತಾರೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಅಷ್ಟು ದಿನ ಎಲ್ಲರೂ ತೋಟದಲ್ಲೆಲ್ಲ ಕಣ್ಣಾಡಿಸುತ್ತಿದ್ದಾಗ, ಆ ಎರಡು ಜೀವಗಳು ಒಂದು ಇಟ್ಟಿಗೆಯ ಆಚೀಚೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು.

ದೇವೀರಮ್ಮ ಅಳುವುದಿಲ್ಲ. ತಟ್ಟೆಯನ್ನು ನೆಲದ ಮೇಲೆ ಮುಂದಕ್ಕೆ ತಳ್ಳಿ ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಾರೆ. ಬಾಗಿಲ ಸಂದಿಯಿಂದ ಒಬ್ಬೊಬ್ಬರೇ ಇಣುಕುತ್ತೇವೆ. ಕೆಂಚ ಮೊದಲು ತಿನ್ನುತ್ತಾನೆ, ಅರ್ಧ ಬಿಟ್ಟು ಪಕ್ಕಕ್ಕೆ ಕೂರುತ್ತಾನೆ. ಬೂದಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂದು ತಟ್ಟೆಗೆ ಬಾಯಿ ಹಾಕುತ್ತದೆ.

ಫೋನಿನಲ್ಲಿ ಮಾನಸಾ, ಎರಡನ್ನೂ ಕರೆತರುವುದೋ ಬಿಡುವುದೋ ನೀವೇ ನೋಡಿ ಹೇಳಿ ಎನ್ನುತ್ತಾರೆ. ದೇವೀರಮ್ಮ ಸುರೇಂದ್ರ ಅವರ ಕಡೆ ನೋಡುತ್ತಾರೆ. ಜೀಪಿನಲ್ಲಿ ಜಾಲರಿಯ ಪೆಟ್ಟಿಗೆ ಕಾಯುತ್ತಿದೆ. ಸುರೇಂದ್ರ ನೆಲ ನೋಡುತ್ತಾ, "ಇಲ್ಲೇ ಇರ್ಲಿ ಕಣಕ್ಕ. ಬಚ್ಚಲ ಕಡೆಗೆ ಹಲಗೆ ಹೊಡೆದು ಭದ್ರ ಮಾಡ್ತೀನಿ. ಈ ಕಡೆ ತೂತ ಮುಚ್ಚಲ್ಲ, ಹೆದರಿದಾಗ ಸೇರ್ಕೊಳ್ಳೋಕೆ ಒಂದು ಜಾಗ ಬೇಕಲ್ಲ. ಸ್ಟೋರಿನ ಇಲಿ ಹಾಳಾಗೋಗ್ಲಿ" ಎನ್ನುತ್ತಾರೆ.

"ಇನ್ನೇನು ಆಸೆ ನಿಮಗೆ?" ಎಂದು ನಾನು ಕೇಳುತ್ತೇನೆ. ಇಂಥ ಬರಹಗಳ ಕೊನೆಗೆ ಕೇಳುವ ಪ್ರಶ್ನೆ ಅದು.

"ಬೂದಿ ಯಾವತ್ತೂ ಭಯ ಬಿಟ್ಟು ಬಾಲ ಎತ್ತಿ ನಡೆದಿಲ್ಲ ಸಾರ್. ಈ ಮನೇಲಿ ಒಂದಿನ ನಡೀಲಿ. ನಾನು ನೋಡ್ದೇ ಇದ್ರೂ ಪರವಾಗಿಲ್ಲ, ಮಧುಶ್ರೀಯಮ್ಮ ಫೋನ್ ಮಾಡಿ ಹೇಳಿದ್ರೆ ಸಾಕು."

ಎರಡೂ ಗೋಣಿಚೀಲಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ಸಂದಿಯಿಂದ ನೋಡುತ್ತಾರೆ. ಪ್ರತಿ ಸಂಜೆ ಬೆಕ್ಕುಗಳ ಕೋಣೆಗೆ ಬೀಗ ಹಾಕುವಾಗ, "ಹೋಗ್ಬುಟ್ಟು ಬರ್ತೀನಿ ಕಣ್ರೋ" ಎಂದು ಹೇಳುವುದು ಅವರ ರೂಢಿ. ಭಾನುವಾರ ಇಲ್ಲಿಂದ ಹೊರಟಾಗಲೂ ಬಾಯಿತಪ್ಪಿ ಹಾಗೆಯೇ ಹೇಳಿದ್ದರಂತೆ. ಈಗ ತುಟಿ ಅಲುಗುತ್ತದೆ. ಆದರೆ ಏನೂ ಹೇಳದೆ ಬಂದು ಜೀಪು ಹತ್ತುತ್ತಾರೆ.

ರಸ್ತೆಗೆ ಬಂದ ಮೇಲೆ ಯಾಕೆಂದು ಕೇಳುತ್ತೇನೆ.

"ಬರ್ತೀನಿ ಅಂದ್ರೆ ಕಾಯ್ತವೆ ಕಣ್ರೀ" ಎನ್ನುತ್ತಾರೆ ದೇವೀರಮ್ಮ. "ಇನ್ನು ಅವು ನನ್ನ ಕಾಯಬಾರ್ದು."